ಕರ್ನಲ್ ಟಾಮ್ ಪಾರ್ಕರ್

ಥಾಮಸ್ ಆಂಡ್ರ್ಯೂ ಪಾರ್ಕರ್ (ಜೂನ್ ೨೬, ೧೯೦೯ – ಜನವರಿ ೨೧, ೧೯೯೭) ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿಯವರ ವ್ಯವಸ್ಥಾಪಕರಾಗಿದ್ದವರು. ಕರ್ನಲ್ ಟಾಮ್ ಪಾರ್ಕರ್ ಎಂಬ ಹೆಸರಿನಿಂದ ಇವರು ಪ್ರಸಿದ್ಧರು. ೧೯೫೬ರಿಂದ ಎಲ್ವಿಸ್ ನಿಧನರಾದ ೧೯೭೭ರವರೆಗೆ ಆ ಗಾಯಕನ ಧ್ವನಿಮುದ್ರಣ, ಚಲನಚಿತ್ರ, ದೂರದರ್ಶನ ಹಾಗೂ ವೇದಿಕೆಯ ಒಪ್ಪಂದಗಳೆಲ್ಲ ಇವರ ಕೈಯಿಂದಲೇ ಸಾಗಿದವು. ತಾವು ಪಶ್ಚಿಮ ವರ್ಜೀನಿಯಾ ರಾಜ್ಯದ ಹಂಟಿಂಗ್ಟನ್ ಪಟ್ಟಣದಲ್ಲಿ ಹುಟ್ಟಿದವರೆಂದು ಪಾರ್ಕರ್ ಹೇಳಿಕೊಳ್ಳುತ್ತಿದ್ದರು. ವಾಸ್ತವದಲ್ಲಿ ಅವರು ನೆದರ್ಲೆಂಡ್ಸ್ ದೇಶದವರು. ಅವರ ಹುಟ್ಟು ಹೆಸರು ಪಾರ್ಕರ್ ಅಲ್ಲ, ಯಾವ ಸೈನ್ಯದಲ್ಲಿಯೂ ಅವರು ಕರ್ನಲ್ ಆಗಿರಲಿಲ್ಲ, ಅಮೆರಿಕದ ಪೌರತ್ವವೂ ಅವರಿಗಿರಲಿಲ್ಲ. ಈ ಸಂಗತಿಗಳು ಸಾರ್ವಜನಿಕರಿಗೆ ಸ್ಪಷ್ಟವಾಗಿ ತಿಳಿದುಬಂದದ್ದು ಎಲ್ವಿಸ್ ಅವರ ಮರಣದ ನಂತರ.

ಜನನ ಮತ್ತು ಬಾಲ್ಯ

ಪಾರ್ಕರ್ ಅವರ ಮೂಲ ಹೆಸರು ಆಂಡ್ರಿಯಾಸ್ ಕಾರ್ನೆಲಿಸ್ ವಾನ್ ಕೌಕ್. ದಕ್ಷಿಣ ನೆದರ್ಲೆಂಡ್ಸ್‌ನ ಬ್ರೆಡಾ ನಗರದ ಬಡ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಕುದುರೆಲಾಯದಲ್ಲಿ ಕೆಲಸ ಮಾಡುತ್ತಿದ್ದರು. ತಾಯಿಯ ಕಡೆಯವರು ಊರೂರು ತಿರುಗಿ ಸಾಮಾನು ಮಾರುತ್ತಿದ್ದವರು. ಬಾಲಕನಿಗೆ ಶಾಲೆಗಿಂತ ಸರ್ಕಸ್ ಹಾಗೂ ಜಾತ್ರೆಗಳಲ್ಲಿ ಹೆಚ್ಚು ಆಸಕ್ತಿಯಿತ್ತು. ೧೯೨೫ರಲ್ಲಿ ತಂದೆ ತೀರಿಕೊಂಡ ಬಳಿಕ ಬಂದರು ನಗರವಾದ ರಾಟರ್‌ಡ್ಯಾಮ್‌ಗೆ ಹೋಗಿ ದುಡಿಯತೊಡಗಿದರು.

ಅಮೆರಿಕಕ್ಕೆ ಪ್ರಯಾಣ ಮತ್ತು ಸೇನಾ ಸೇವೆ

ಇಪ್ಪತ್ತು ವರ್ಷ ತುಂಬುವ ವೇಳೆಗೆ, ಅಂದರೆ ೧೯೨೯ರಲ್ಲಿ, ಆಂಡ್ರಿಯಾಸ್ ಮನೆಯವರಿಗೆ ತಿಳಿಸದೆ ದೇಶ ಬಿಟ್ಟರು. ಅಧಿಕೃತ ಕಾಗದಪತ್ರಗಳಿಲ್ಲದೆ ಅಮೆರಿಕವನ್ನು ಪ್ರವೇಶಿಸಿ, ಟಾಮ್ ಪಾರ್ಕರ್ ಎಂಬ ಹೆಸರಿನಲ್ಲಿ ಅಲ್ಲಿನ ಸೇನೆಗೆ ಸೇರಿದರು. ಹವಾಯಿಯ ಫೋರ್ಟ್ ಶಾಫ್ಟರ್‌ನಲ್ಲಿ ಕರಾವಳಿ ಫಿರಂಗಿ ದಳದ ಸೈನಿಕರಾಗಿದ್ದು, ಬಳಿಕ ಫ್ಲಾರಿಡಾದ ಫೋರ್ಟ್ ಬರಾಂಕಸ್‌ಗೆ ವರ್ಗವಾದರು. ಅಲ್ಲಿ ಅನುಮತಿಯಿಲ್ಲದೆ ಸೇವೆಯಿಂದ ದೂರ ಉಳಿದುದಕ್ಕಾಗಿ ಒಂಟಿ ಸೆರೆಯ ಶಿಕ್ಷೆಗೆ ಗುರಿಯಾದರು. ಸೆರೆಯಿಂದ ಹೊರಬರುವಾಗ ಅವರ ಮಾನಸಿಕ ಸ್ಥಿತಿ ಹದಗೆಟ್ಟಿತ್ತು. ಆಸ್ಪತ್ರೆಯ ಚಿಕಿತ್ಸೆಯ ನಂತರ ೧೯೩೩ರಲ್ಲಿ ಅವರನ್ನು ಸೇನೆಯಿಂದ ಬಿಡುಗಡೆ ಮಾಡಲಾಯಿತು. ಈ ಅಲ್ಪಕಾಲದ ಸೇನಾ ಸೇವೆ ಐವತ್ತು ವರ್ಷಗಳ ನಂತರ ನ್ಯಾಯಾಲಯದಲ್ಲಿ ಅವರ ಮುಖ್ಯ ವಾದವೇ ಆಯಿತು.

ಅವರು ಊರು ಬಿಟ್ಟ ಸುಮಾರಿಗೆ ಬ್ರೆಡಾದಲ್ಲಿ ಮಹಿಳೆಯೊಬ್ಬರ ಕೊಲೆ ನಡೆದಿತ್ತು. ಕೆಲವು ಜೀವನಚರಿತ್ರೆಕಾರರು ಪಾರ್ಕರ್ ಅವರ ನಿರ್ಗಮನಕ್ಕೂ ಆ ಕೊಲೆಗೂ ಸಂಬಂಧ ಕಲ್ಪಿಸಿದ್ದಾರೆ. ಆದರೆ ಇದಕ್ಕೆ ಪುರಾವೆಯಿಲ್ಲ, ಅವರ ಮೇಲೆ ಯಾವ ಆರೋಪವೂ ದಾಖಲಾಗಿರಲಿಲ್ಲ. ಇದನ್ನು ಊಹೆಯೆಂದೇ ಪರಿಗಣಿಸಬೇಕು.

ಕಾರ್ನಿವಲ್ ದಿನಗಳು

ಸೇನೆಯಿಂದ ಹೊರಬಂದ ಪಾರ್ಕರ್ ಊರಿಂದೂರಿಗೆ ಸಂಚರಿಸುವ ಕಾರ್ನಿವಲ್‌ಗಳಲ್ಲಿ ಕೆಲಸ ಹಿಡಿದರು. ತಿಂಡಿ ಮಾರುವುದು, ಪ್ರಾಣಿಗಳನ್ನು ನೋಡಿಕೊಳ್ಳುವುದು, ಡೇರೆಯೊಳಕ್ಕೆ ಜನರನ್ನು ಕರೆಯುವುದು ಹೀಗೆ ಅಲ್ಲಿನ ಎಲ್ಲ ಕಸುಬುಗಳೂ ಅವರಿಗೆ ಒಗ್ಗಿದವು. ಬಿಸಿ ತಟ್ಟೆಯ ಮೇಲೆ ಕೋಳಿಗಳನ್ನು ನಿಲ್ಲಿಸಿ, ಅವು ಕಾಲೆತ್ತಿ ಕುಣಿಯುವುದನ್ನು ನೃತ್ಯವೆಂದು ತೋರಿಸಿ ಹಣ ಪಡೆಯುತ್ತಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ತಮ್ಮ ಬಗ್ಗೆ ಇಂತಹ ಕಥೆಗಳನ್ನು ಹಬ್ಬಿಸುವುದರಲ್ಲಿ ಪಾರ್ಕರ್ ಅವರೇ ಮುಂದಿದ್ದುದರಿಂದ ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂದು ಬೇರ್ಪಡಿಸುವುದು ಸುಲಭವಲ್ಲ. ೧೯೩೫ರಲ್ಲಿ ಮೇರಿ ಮಾಟ್ ಅವರನ್ನು ವಿವಾಹವಾದರು. ೧೯೪೦ರ ಸುಮಾರಿಗೆ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಪ್ರಾಣಿದಯಾ ಸಂಘದ ನೌಕರರಾಗಿದ್ದು, ಸಾಕುಪ್ರಾಣಿಗಳಿಗಾಗಿ ಸ್ಮಶಾನವೊಂದನ್ನು ಆರಂಭಿಸಿದರು.

ಸಂಗೀತ ಕ್ಷೇತ್ರಕ್ಕೆ ಪ್ರವೇಶ

ಗಾಯಕ ಜೀನ್ ಆಸ್ಟಿನ್ ಅವರ ಕಾರ್ಯಕ್ರಮಗಳ ಪ್ರಚಾರದಿಂದ ಪಾರ್ಕರ್ ಸಂಗೀತ ವ್ಯವಹಾರಕ್ಕೆ ಬಂದರು. ೧೯೪೫ರಿಂದ ೧೯೫೩ರವರೆಗೆ ಕಂಟ್ರಿ ಗಾಯಕ ಎಡ್ಡಿ ಆರ್ನಲ್ಡ್ ಅವರ ವ್ಯವಸ್ಥಾಪಕರಾಗಿದ್ದರು. ೧೯೪೮ರಲ್ಲಿ ಲೂಯಿಸಿಯಾನಾ ರಾಜ್ಯಪಾಲರಾಗಿದ್ದ, ಸ್ವತಃ ಗಾಯಕರೂ ಆಗಿದ್ದ ಜಿಮ್ಮಿ ಡೇವಿಸ್ ಅವರು ಪಾರ್ಕರ್ ಅವರಿಗೆ ಗೌರವ ಕರ್ನಲ್ ಪದವಿ ನೀಡಿದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಂತಹ ಪದವಿಗಳನ್ನು ಧಾರಾಳವಾಗಿ ಕೊಡುವ ವಾಡಿಕೆಯಿತ್ತು. ಪಡೆದವರಲ್ಲಿ ಹೆಚ್ಚಿನವರು ಅದನ್ನು ಗೋಡೆಗೆ ತೂಗುಹಾಕಿ ಮರೆಯುತ್ತಿದ್ದರು. ಪಾರ್ಕರ್ ಹಾಗೆ ಮಾಡದೆ ಅದನ್ನೇ ತಮ್ಮ ಹೆಸರಿನ ಭಾಗವಾಗಿಸಿಕೊಂಡರು.

ಎಲ್ವಿಸ್ ಪ್ರೀಸ್ಲಿಯವರ ವ್ಯವಸ್ಥಾಪಕ

೧೯೫೫ರಲ್ಲಿ ಪಾರ್ಕರ್ ಅವರ ಗಮನ ದಕ್ಷಿಣದ ಊರುಗಳಲ್ಲಿ ಹಾಡುತ್ತಿದ್ದ ಇಪ್ಪತ್ತು ವರ್ಷದ ಎಲ್ವಿಸ್ ಪ್ರೀಸ್ಲಿಯವರತ್ತ ಹರಿಯಿತು. ಎಲ್ವಿಸ್ ಆಗ ಕಾನೂನಿನ ದೃಷ್ಟಿಯಲ್ಲಿ ಅಪ್ರಾಪ್ತ ವಯಸ್ಕರಾಗಿದ್ದುದರಿಂದ ಒಪ್ಪಂದಕ್ಕೆ ತಂದೆ ವರ್ನನ್ ಅವರ ಸಹಿಯೂ ಬೇಕಿತ್ತು. ಅದೇ ನವೆಂಬರ್‌ನಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ಸ್ ಸಂಸ್ಥೆಯ ಸ್ಯಾಮ್ ಫಿಲಿಪ್ಸ್ ಅವರಿಂದ ಎಲ್ವಿಸ್ ಅವರ ಒಪ್ಪಂದವನ್ನು ಆರ್‌ಸಿಎ ವಿಕ್ಟರ್ ಸಂಸ್ಥೆ ೩೫,೦೦೦ ಡಾಲರ್‌ಗೆ ಕೊಂಡಿತು. ಎಲ್ವಿಸ್ ಅವರಿಗೆ ಬಾಕಿಯಿದ್ದ ೫,೦೦೦ ಡಾಲರ್ ರಾಯಲ್ಟಿಯನ್ನೂ ಅದೇ ಸಂಸ್ಥೆ ತೆತ್ತಿತು. ಹೊಸ ಗಾಯಕನೊಬ್ಬನಿಗೆ ಆ ಕಾಲದಲ್ಲಿ ಅದು ಕಂಡು ಕೇಳರಿಯದ ಮೊತ್ತ. ಈ ವ್ಯವಹಾರದಲ್ಲಿ ತಾವೂ ಪಾಲುದಾರರೆಂದು ಭಾವಿಸಿದ್ದ ಗಾಯಕ ಹ್ಯಾಂಕ್ ಸ್ನೋ ಅವರಿಗೆ ಏನೂ ದೊರೆಯಲಿಲ್ಲ.

೧೯೫೬ರ ಮಾರ್ಚ್‌ನಲ್ಲಿ ಪಾರ್ಕರ್ ಏಕೈಕ ವ್ಯವಸ್ಥಾಪಕರಾದರು. ಅದೇ ಸೆಪ್ಟೆಂಬರ್ ೯ರಂದು ಎಡ್ ಸಲಿವನ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಎಲ್ವಿಸ್ ಹಾಡಿದಾಗ ಸುಮಾರು ೬ ಕೋಟಿ ಜನ ವೀಕ್ಷಿಸಿದರು. ಮೂರು ಬಾರಿಯ ಹಾಡುಗಾರಿಕೆಗೆ ೫೦,೦೦೦ ಡಾಲರ್ ಸಂಭಾವನೆ ನಿಗದಿಯಾಗಿತ್ತು. ಎಲ್ವಿಸ್ ಹೆಸರಿನ ಲಿಪ್‌ಸ್ಟಿಕ್, ಶೂ, ಬಳೆ, ಗೊಂಬೆ ಮೊದಲಾದ ವಸ್ತುಗಳು ಅಂಗಡಿಗಳಿಗೆ ಬಂದವು. ಎಲ್ವಿಸ್ ಅವರನ್ನು ಇಷ್ಟಪಡದವರನ್ನೂ ಪಾರ್ಕರ್ ಬಿಡಲಿಲ್ಲ. ಅವರನ್ನು ದ್ವೇಷಿಸುತ್ತೇನೆಂದು ಸಾರುವ ಬಿಲ್ಲೆಗಳನ್ನೂ ಮಾರಾಟಕ್ಕಿಟ್ಟರು. ಜನಪ್ರಿಯ ಗಾಯಕನೊಬ್ಬನ ಮುಖವೇ ಸರಕಾಗಬಲ್ಲದೆಂದು ಇಷ್ಟು ವ್ಯಾಪಕವಾಗಿ ತೋರಿಸಿಕೊಟ್ಟವರಲ್ಲಿ ಪಾರ್ಕರ್ ಮೊದಲಿಗರು.

ಎಲ್ವಿಸ್ ೧೯೫೮ರಿಂದ ೧೯೬೦ರವರೆಗೆ ಸೇನೆಯಲ್ಲಿದ್ದು, ಹೆಚ್ಚಿನ ಕಾಲ ಜರ್ಮನಿಯಲ್ಲಿ ಕಳೆದರು. ಮೊದಲೇ ಮುದ್ರಿಸಿಟ್ಟಿದ್ದ ಹಾಡುಗಳನ್ನು ಒಂದೊಂದಾಗಿ ಬಿಡುಗಡೆ ಮಾಡಿಸಿ ಪಾರ್ಕರ್ ಅವರ ಜನಪ್ರಿಯತೆ ಕುಗ್ಗದಂತೆ ನೋಡಿಕೊಂಡರು. ಆದರೆ ಜರ್ಮನಿಗೆ ಒಮ್ಮೆಯೂ ಹೋಗಲಿಲ್ಲ. ಮರಳಿದ ಎಲ್ವಿಸ್ ಅವರನ್ನು ಪಾರ್ಕರ್ ಚಲನಚಿತ್ರಗಳಲ್ಲಿ ತೊಡಗಿಸಿದರು. ೧೯೬೧ರ ಮಾರ್ಚ್‌ನಲ್ಲಿ ಹವಾಯಿಯಲ್ಲಿ ನಡೆದ ಸಹಾಯಾರ್ಥ ಕಾರ್ಯಕ್ರಮದ ನಂತರ ಏಳು ವರ್ಷ ಎಲ್ವಿಸ್ ಸಾರ್ವಜನಿಕರ ಎದುರು ಹಾಡಲಿಲ್ಲ. ಒಟ್ಟು ೩೧ ಕಥಾಚಿತ್ರಗಳಲ್ಲಿ ನಟಿಸಿದರೂ ಅವುಗಳಲ್ಲಿ ಬಹುಪಾಲು ಆತುರದಲ್ಲಿ, ಕಡಿಮೆ ವೆಚ್ಚದಲ್ಲಿ ತಯಾರಾದವು. ಎಲ್ವಿಸ್ ಹಾಡಬೇಕಾದರೆ ಗೀತರಚನಕಾರರು ತಮ್ಮ ರಾಯಲ್ಟಿಯ ಒಂದು ಭಾಗವನ್ನು ಬಿಟ್ಟುಕೊಡಬೇಕೆಂಬ ಕಟ್ಟಳೆಯೂ ಇತ್ತು. ಇದರಿಂದ ಒಳ್ಳೆಯ ರಚನಕಾರರು ಕ್ರಮೇಣ ದೂರ ಸರಿದರು, ಹಾಡುಗಳ ಗುಣಮಟ್ಟ ಕುಸಿಯಿತು. ಮುಂದೆ ೧೯೭೦ರ ದಶಕದಲ್ಲಿ ಗಾಯಕಿ ಡಾಲಿ ಪಾರ್ಟನ್ ತಮ್ಮ ಹಾಡೊಂದರ ಪ್ರಕಾಶನ ಹಕ್ಕಿನ ಅರ್ಧಪಾಲನ್ನು ಕೊಡಲು ನಿರಾಕರಿಸಿದ್ದರಿಂದ ಎಲ್ವಿಸ್ ಅದನ್ನು ಹಾಡುವುದು ತಪ್ಪಿಹೋಯಿತು.

೧೯೬೮ರಲ್ಲಿ ಎನ್‌ಬಿಸಿ ವಾಹಿನಿಗಾಗಿ ಕ್ರಿಸ್‌ಮಸ್ ಗೀತೆಗಳ ಕಾರ್ಯಕ್ರಮ ಮಾಡಬೇಕೆಂಬುದು ಪಾರ್ಕರ್ ಅವರ ಯೋಜನೆಯಾಗಿತ್ತು. ನಿರ್ದೇಶಕ ಸ್ಟೀವ್ ಬಿಂಡರ್ ಅದನ್ನು ಒಪ್ಪದೆ, ಕಪ್ಪು ಚರ್ಮದ ಉಡುಪು ತೊಡಿಸಿ ಎಲ್ವಿಸ್ ಅವರನ್ನು ಪ್ರೇಕ್ಷಕರ ನಡುವೆ ಕೂರಿಸಿ ಹಾಡಿಸಿದರು. ಎಲ್ವಿಸ್ ಅವರ ಪುನರಾಗಮನವೆಂದು ಹೆಸರಾದ ಈ ಕಾರ್ಯಕ್ರಮ ಯಶಸ್ವಿಯಾದದ್ದು ಪಾರ್ಕರ್ ಅವರ ಮಾತನ್ನು ಮೀರಿದ್ದರಿಂದ ಎಂಬುದು ಗಮನಾರ್ಹ.

ವಿದೇಶ ಪ್ರವಾಸದ ಪ್ರಶ್ನೆ

ಜಗತ್ತಿನಾದ್ಯಂತ ಅಭಿಮಾನಿಗಳಿದ್ದರೂ ಎಲ್ವಿಸ್ ಅಮೆರಿಕದ ಹೊರಗೆ ಕಾರ್ಯಕ್ರಮ ನೀಡಿದ್ದು ೧೯೫೭ರಲ್ಲಿ ಕೆನಡಾದ ಟೊರೊಂಟೊ, ಒಟ್ಟಾವಾ ಮತ್ತು ವ್ಯಾಂಕೂವರ್ ನಗರಗಳಲ್ಲಿ ಮಾತ್ರ. ವಿದೇಶಗಳಿಂದ ಬಂದ ಆಹ್ವಾನಗಳನ್ನು ಪಾರ್ಕರ್ ಒಂದಲ್ಲ ಒಂದು ನೆಪದಿಂದ ತಳ್ಳಿಹಾಕಿದರು. ಸೂಕ್ತ ಸಭಾಂಗಣಗಳಿಲ್ಲ, ಭದ್ರತೆ ಸಾಲದು ಎಂಬ ಕಾರಣಗಳನ್ನು ಅವರು ನೀಡುತ್ತಿದ್ದರು. ನಿಜವಾದ ತೊಡಕು ಬೇರೆಯಿತ್ತೆಂದು ಹೆಚ್ಚಿನ ಜೀವನಚರಿತ್ರೆಕಾರರ ಅಭಿಪ್ರಾಯ. ಪೌರತ್ವವಿಲ್ಲದ ಪಾರ್ಕರ್ ಅವರಿಗೆ ಅಮೆರಿಕದ ಪಾಸ್‌ಪೋರ್ಟ್ ಇರಲಿಲ್ಲ. ದೇಶ ಬಿಟ್ಟು ಹೋದರೆ ಮರಳಿ ಒಳಬರುವ ಭರವಸೆಯಿರಲಿಲ್ಲ, ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದರೆ ಹುಟ್ಟಿನ ಸಂಗತಿ ಬಯಲಾಗುತ್ತಿತ್ತು. ತಮ್ಮ ಬದಲು ಬೇರೊಬ್ಬರನ್ನು ಕಳುಹಿಸಬಹುದಿತ್ತು. ಆದರೆ ಎಲ್ವಿಸ್ ಅವರನ್ನು ಇನ್ನೊಬ್ಬರ ಕೈಗೆ ಕೆಲವು ವಾರಗಳ ಮಟ್ಟಿಗಾದರೂ ಒಪ್ಪಿಸುವುದು ಪಾರ್ಕರ್ ಅವರ ಸ್ವಭಾವಕ್ಕೆ ಒಗ್ಗುವಂಥದ್ದಾಗಿರಲಿಲ್ಲ.

೧೯೭೩ರ ಜನವರಿ ೧೪ರಂದು ಹೊನೊಲುಲುವಿನಿಂದ ಉಪಗ್ರಹದ ಮೂಲಕ ಪ್ರಸಾರವಾದ ಕಾರ್ಯಕ್ರಮವನ್ನು ಏಷ್ಯಾದ ಹಲವು ದೇಶಗಳು ನೇರವಾಗಿ ನೋಡಿದವು. ಗಾಯಕ ಪ್ರೇಕ್ಷಕರ ಬಳಿಗೆ ಹೋಗಲಾಗದ ಕೊರತೆಯನ್ನು ಪಾರ್ಕರ್ ತಂತ್ರಜ್ಞಾನದ ಹೆಗ್ಗಳಿಕೆಯಾಗಿ ಬಿಂಬಿಸಿದರು.

ಲಾಸ್ ವೇಗಸ್ ಮತ್ತು ಹಣಕಾಸು

೧೯೬೯ರ ಜುಲೈ ೩೧ರಂದು ಲಾಸ್ ವೇಗಸ್‌ನ ಇಂಟರ್‌ನ್ಯಾಷನಲ್ ಹೋಟೆಲಿನಲ್ಲಿ ಎಲ್ವಿಸ್ ಅವರ ಪ್ರದರ್ಶನಗಳು ಆರಂಭವಾದವು. ನಾಲ್ಕು ವಾರಗಳಲ್ಲಿ ೫೭ ಪ್ರದರ್ಶನಗಳು ನಡೆದವು. ೧೯೭೬ರ ಡಿಸೆಂಬರ್‌ವರೆಗೆ ಅಲ್ಲಿ ಅವರು ಆರು ನೂರಕ್ಕೂ ಹೆಚ್ಚು ಬಾರಿ ಹಾಡಿದರು. ಅದೇ ಹೋಟೆಲಿನ ಜೂಜುಕೋಣೆಯಲ್ಲಿ ಪಾರ್ಕರ್ ಭಾರಿ ಮೊತ್ತಗಳನ್ನು ಕಳೆದುಕೊಳ್ಳುತ್ತಿದ್ದರು. ಹೋಟೆಲಿಗೆ ಸಾಲಗಾರನಾದ ವ್ಯವಸ್ಥಾಪಕ ಅದೇ ಹೋಟೆಲಿನೊಡನೆ ತನ್ನ ಗಾಯಕನ ಪರವಾಗಿ ಎಷ್ಟು ಗಟ್ಟಿಯಾಗಿ ಚೌಕಾಶಿ ಮಾಡಬಲ್ಲ ಎಂಬ ಪ್ರಶ್ನೆಯನ್ನು ಮುಂದೆ ಹಲವರು ಎತ್ತಿದರು.

ಪಾರ್ಕರ್ ಅವರ ಕಮಿಷನ್ ಮೊದಲಿಗೆ ಶೇ. ೨೫ರಷ್ಟಿತ್ತು. ೧೯೬೭ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಹಲವು ಬಗೆಯ ಆದಾಯಗಳಲ್ಲಿ ಅದು ಶೇ. ೫೦ಕ್ಕೆ ಏರಿತು. ೧೯೭೩ರಲ್ಲಿ ಅಲ್ಲಿಯವರೆಗಿನ ಧ್ವನಿಮುದ್ರಣಗಳ ಮುಂದಿನ ರಾಯಲ್ಟಿ ಹಕ್ಕನ್ನು ಆರ್‌ಸಿಎ ಸಂಸ್ಥೆಗೆ ೫೪ ಲಕ್ಷ ಡಾಲರ್‌ಗೆ ಮಾರಲಾಯಿತು. ಅದರಲ್ಲಿ ಅರ್ಧ ಪಾರ್ಕರ್ ಅವರಿಗೆ ಸಂದಿತು. ತೆರಿಗೆ ಕಳೆದ ಮೇಲೆ ಎಲ್ವಿಸ್ ಅವರಿಗೆ ಉಳಿದದ್ದು ಸುಮಾರು ೨೦ ಲಕ್ಷ. ಅಂದಿನವರೆಗಿನ ಹಾಡುಗಳಿಂದ ಮುಂದೆ ಬರಬಹುದಾಗಿದ್ದ ರಾಯಲ್ಟಿ ಹೀಗೆ ಒಮ್ಮೆಲೇ ಕೈತಪ್ಪಿತು. ಅದೇ ವರ್ಷ ಇಬ್ಬರ ನಡುವೆ ಜಗಳವಾಗಿ ಎಲ್ವಿಸ್ ಪಾರ್ಕರ್ ಅವರನ್ನು ಕೆಲಸದಿಂದ ತೆಗೆದುಹಾಕುವುದಾಗಿ ಹೇಳಿದರು. ತಮಗೆ ಬರಬೇಕಾದ ಬಾಕಿಯೆಂದು ಪಾರ್ಕರ್ ದೊಡ್ಡ ಮೊತ್ತದ ಪಟ್ಟಿಯನ್ನು ಮುಂದಿಟ್ಟರು. ಅದನ್ನು ತೀರಿಸುವ ಸ್ಥಿತಿಯಲ್ಲಿಲ್ಲದ ಎಲ್ವಿಸ್ ಮತ್ತೆ ರಾಜಿಯಾದರು.

ನ್ಯಾಯಾಲಯದ ಪ್ರಕರಣ

ಎಲ್ವಿಸ್ ೧೯೭೭ರ ಆಗಸ್ಟ್ ೧೬ರಂದು ೪೨ನೆಯ ವಯಸ್ಸಿನಲ್ಲಿ ನಿಧನರಾದರು. ಅಂತ್ಯಕ್ರಿಯೆಗೆ ಪಾರ್ಕರ್ ಹವಾಯಿ ಅಂಗಿ ಹಾಗೂ ಬೇಸ್‌ಬಾಲ್ ಟೋಪಿಯಲ್ಲಿ ಬಂದರು. ಆ ದಿನಗಳಲ್ಲಿಯೇ ಎಲ್ವಿಸ್ ಹೆಸರಿನ ವಸ್ತುಗಳ ಮಾರಾಟಕ್ಕೆ ಹೊಸ ಒಪ್ಪಂದ ಕುದುರಿಸಿ, ತಂದೆ ವರ್ನನ್ ಅವರ ಒಪ್ಪಿಗೆ ಪಡೆದರು. ವರ್ನನ್ ೧೯೭೯ರ ಜೂನ್ ೨೬ರಂದು, ಕಾಕತಾಳೀಯವೆಂಬಂತೆ ಪಾರ್ಕರ್ ಅವರ ೭೦ನೆಯ ಹುಟ್ಟುಹಬ್ಬದ ದಿನ, ತೀರಿಕೊಂಡರು. ಆಸ್ತಿಗೆ ಎಲ್ವಿಸ್ ಅವರ ಎಳೆಯ ಮಗಳು ಲೀಸಾ ಮೇರಿ ಉತ್ತರಾಧಿಕಾರಿಯಾಗಿದ್ದುದರಿಂದ, ಆಕೆಯ ಹಿತವನ್ನು ಪರಿಶೀಲಿಸಲು ಮೆಂಫಿಸ್‌ನ ನ್ಯಾಯಾಲಯ ೧೯೮೦ರಲ್ಲಿ ಬ್ಲಾಂಚರ್ಡ್ ಟ್ಯೂಯಲ್ ಎಂಬ ವಕೀಲರನ್ನು ನೇಮಿಸಿತು.

ಟ್ಯೂಯಲ್ ಅವರ ವರದಿ ಪಾರ್ಕರ್ ಅವರ ಕಮಿಷನ್ ವಿಪರೀತವಾದುದೆಂದೂ, ೧೯೭೩ರ ಮಾರಾಟ ಎಲ್ವಿಸ್ ಅವರ ಹಿತಕ್ಕೆ ವಿರುದ್ಧವಾಗಿತ್ತೆಂದೂ ಹೇಳಿತು. ರಾಯಲ್ಟಿ ಸಂಗ್ರಹಿಸುವ ಬಿಎಂಐ ಸಂಸ್ಥೆಯಲ್ಲಿ ಎಲ್ವಿಸ್ ಅವರ ಹೆಸರನ್ನು ನೋಂದಾಯಿಸದೆ ಇದ್ದುದರಿಂದ ಆದ ನಷ್ಟವನ್ನೂ ಅದು ತೋರಿಸಿತು. ಪಾರ್ಕರ್ ಅವರಿಗೆ ಹಣ ಕೊಡುವುದನ್ನು ನಿಲ್ಲಿಸಿ ಅವರ ವಿರುದ್ಧ ದಾವೆ ಹೂಡುವಂತೆ ನ್ಯಾಯಾಲಯ ೧೯೮೧ರಲ್ಲಿ ಆದೇಶಿಸಿತು.

ಇದಕ್ಕೆ ಪಾರ್ಕರ್ ನೀಡಿದ ಉತ್ತರ ಅನಿರೀಕ್ಷಿತವಾಗಿತ್ತು. ಅರ್ಧ ಶತಮಾನ ಮುಚ್ಚಿಟ್ಟಿದ್ದ ಗುಟ್ಟನ್ನು ಅವರೇ ನ್ಯಾಯಾಲಯದ ಮುಂದಿಟ್ಟರು. ತಾವು ಅಮೆರಿಕದ ಪ್ರಜೆಯಲ್ಲ. ಡಚ್ ಸರ್ಕಾರದ ಅನುಮತಿಯಿಲ್ಲದೆ ವಿದೇಶಿ ಸೈನ್ಯಕ್ಕೆ ಸೇರಿದ್ದರಿಂದ ಆ ದೇಶದ ಪೌರತ್ವವೂ ಹೋಗಿದೆ. ಆದ್ದರಿಂದ ತಾವು ಯಾವ ದೇಶಕ್ಕೂ ಸೇರದವರು ಎಂಬುದು ಅವರ ವಾದ. ಬೇರೆ ಬೇರೆ ರಾಜ್ಯಗಳ ಪ್ರಜೆಗಳ ನಡುವಿನ ಅಥವಾ ವಿದೇಶಿ ಪ್ರಜೆಗಳೊಡನೆಯ ವ್ಯಾಜ್ಯಗಳನ್ನು ಅಮೆರಿಕದ ಫೆಡರಲ್ ನ್ಯಾಯಾಲಯಗಳು ವಿಚಾರಿಸಬಹುದು. ಆದರೆ ಯಾವ ದೇಶದ ಪ್ರಜೆಯೂ ಅಲ್ಲದವನು ಈ ಎರಡು ವರ್ಗಗಳಿಗೂ ಸೇರುವುದಿಲ್ಲ. ಎಲ್ವಿಸ್ ಅವರನ್ನು ಒಂದೇ ದೇಶದೊಳಗೆ ಕಟ್ಟಿಹಾಕಿದ್ದಿರಬಹುದಾದ ಗುಟ್ಟು ಹೀಗೆ ಪಾರ್ಕರ್ ಅವರ ಗುರಾಣಿಯಾಯಿತು. ಪ್ರಕರಣ ೧೯೮೩ರಲ್ಲಿ ರಾಜಿಯಲ್ಲಿ ಮುಗಿಯಿತು. ಎಲ್ವಿಸ್ ಹೆಸರಿನ ಮುಂದಿನ ಆದಾಯದ ಮೇಲಿನ ಹಕ್ಕನ್ನು ಪಾರ್ಕರ್ ಬಿಟ್ಟುಕೊಟ್ಟರು, ಆರ್‌ಸಿಎ ಅವರಿಗೆ ೨೦ ಲಕ್ಷ ಡಾಲರ್ ನೀಡಿತು.

ಬ್ರೆಡಾದ ಕುಟುಂಬ

ಪಾರ್ಕರ್ ಅವರ ಮೂಲ ಅವರ ಮನೆಯವರಿಗೆ ಬಹಳ ಮೊದಲೇ ತಿಳಿದಿತ್ತು. ಅವರ ಸೋದರಿಯೊಬ್ಬರು ಪತ್ರಿಕೆಯೊಂದರಲ್ಲಿ ಎಲ್ವಿಸ್ ಜೊತೆಗಿದ್ದವರ ಚಿತ್ರ ನೋಡಿ ಅಣ್ಣನನ್ನು ಗುರುತಿಸಿದ್ದರು. ೧೯೬೧ರಲ್ಲಿ ಸೋದರರೊಬ್ಬರು ಅಮೆರಿಕಕ್ಕೆ ಬಂದು ಪಾರ್ಕರ್ ಅವರನ್ನು ಭೇಟಿಯಾದರೂ, ಆ ಬಳಿಕ ಸಂಬಂಧ ಮುಂದುವರಿಯಲಿಲ್ಲ. ತಾಯಿಯನ್ನು ಪಾರ್ಕರ್ ಮತ್ತೆ ನೋಡಲಿಲ್ಲ. ಎಲ್ವಿಸ್ ಅವರ ನಿಧನದ ನಂತರ ಬ್ರೆಡಾದ ಪತ್ರಕರ್ತ ಡಿರ್ಕ್ ವೆಲೆಂಗಾ ಈ ವಿಷಯದ ಬೆನ್ನುಹತ್ತಿ, ೧೯೮೮ರಲ್ಲಿ ಪುಸ್ತಕ ಪ್ರಕಟಿಸಿದರು. ಅಮೆರಿಕದ ಲೇಖಕಿ ಅಲಾನಾ ನ್ಯಾಶ್ ಅವರ ಜೀವನಚರಿತ್ರೆ ೨೦೦೩ರಲ್ಲಿ ಬಂದಿತು.

ಕೊನೆಯ ವರ್ಷಗಳು

ಪತ್ನಿ ಮೇರಿ ೧೯೮೬ರಲ್ಲಿ ನಿಧನರಾದರು. ೧೯೯೦ರಲ್ಲಿ ಪಾರ್ಕರ್ ತಮ್ಮ ಕಾರ್ಯದರ್ಶಿಯಾಗಿದ್ದ ಲೋಆನ್ ಮಿಲ್ಲರ್ ಅವರನ್ನು ವಿವಾಹವಾದರು. ಲಾಸ್ ವೇಗಸ್‌ನಲ್ಲಿ ನೆಲೆಸಿದ್ದ ಅವರು ಜೂಜನ್ನು ಬಿಡಲಿಲ್ಲ. ೧೯೯೭ರ ಜನವರಿಯಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ೮೭ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೋಟ್ಯಂತರ ಡಾಲರ್ ಗಳಿಸಿದ್ದ ಅವರ ಬಳಿ ಕೊನೆಗೆ ಉಳಿದಿದ್ದ ಆಸ್ತಿ ಸುಮಾರು ೧೦ ಲಕ್ಷ ಡಾಲರ್ ಎಂದು ವರದಿಯಾಯಿತು. ಬಾಜ್ ಲುಹ್ರ್‌ಮನ್ ನಿರ್ದೇಶನದ ೨೦೨೨ರ ಎಲ್ವಿಸ್ ಚಲನಚಿತ್ರದಲ್ಲಿ ಪಾರ್ಕರ್ ಪಾತ್ರವನ್ನು ಟಾಮ್ ಹ್ಯಾಂಕ್ಸ್ ನಿರ್ವಹಿಸಿದರು. ಆ ಚಿತ್ರದಲ್ಲಿ ಎಲ್ವಿಸ್ ಅವರ ಕಥೆಯನ್ನು ಹೇಳುವವರೂ ಪಾರ್ಕರ್ ಅವರೇ.