ಹಾಲಿನ ಜಾಡು ಹಿಡಿದ ಬಿಟ್ನರ್

ಸ್ತನದ ಅರ್ಬುದಕ್ಕೆ ವಂಶವೇ ಮೂಲವೆಂದು ವಿದ್ವಾಂಸರು ಬಲವಾಗಿ ನಂಬಿದ್ದ ಕಾಲವದು. ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಶಾಲೆಯಲ್ಲಿದ್ದ ಜಾನ್ ಜೋಸೆಫ್ ಬಿಟ್ನರ್ (1904–1961) ಅವರು ರೋಗ ಹೆಚ್ಚಾಗಿದ್ದ ತಳಿಯ ಇಲಿಮರಿಗಳನ್ನು ಹುಟ್ಟಿದೊಡನೆ ಅಗಲಿಸಿ, ರೋಗ ವಿರಳವಾದ ತಳಿಯ ಸಾಕುತಾಯಿಯ ಮೊಲೆಗೆ ಬಿಟ್ಟರು. ಬೆಳೆದ ಹೆಣ್ಣಿಲಿಗಳಲ್ಲಿ ಗಂತಿ ಅಪರೂಪವಾಯಿತು. ದೋಷವಿದ್ದುದು ಬೀಜದಲ್ಲಿ ಮಾತ್ರವಲ್ಲ, ಹಾಲಿನಲ್ಲಿಯೂ! 1936ರಲ್ಲಿ ಇದು ಪ್ರಕಟವಾಯಿತು. ಅರ್ಬುದಕ್ಕೆ ವೈರಸ್ ಕಾರಣವೆಂದರೆ ಪಂಡಿತರು ಹುಬ್ಬುಗಂಟಿಕ್ಕುತ್ತಿದ್ದ ದಿನಗಳು. ಬಿಟ್ನರ್ ಹಾಲಿನ ಪ್ರಭಾವವೆಂದಷ್ಟೇ ಕರೆದರು. ಅದನ್ನು ಅಂಜಿಕೆಯೆನ್ನಲಾರೆವು, ಜಾಣ್ಮೆ. ಮುಂದೆ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿಯೂ ಇದೇ ವ್ಯಾಸಂಗ. ಅದು ವೈರಸ್ಸೇ ಎಂಬುದು ಅನಂತರ ಸ್ಥಿರಪಟ್ಟಿತು. ಮನುಷ್ಯರಲ್ಲಿ? ಬಹಳ ಹುಡುಕಿದ್ದಾರೆ, ವೈರಸ್ಸೇ ಕಾರಣವೆಂದು ಸಿದ್ಧವಾಗಿಲ್ಲ. ಇಲಿಯ ಕಥೆ ಕೇಳಿ ತಾಯಂದಿರು ಹೆದರಬೇಕಿಲ್ಲ: ಮೊಲೆಯೂಡಿದವರಲ್ಲಿ ಈ ರೋಗದ ಸಂಭವ ಕೊಂಚ ಕಡಿಮೆಯೇ.