ಕಾಯಿಸಿ ಬಡಿಸಿದ ಯಜ್ಞನಾರಾಯಣ ಮಯ್ಯರು

ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯಲ್ಲಿ ಬೆಳಗಿನ ಬಸ್ಸಿಗೆ ಹೊರಟವರು ನಿಲ್ದಾಣದ ಆಸುಪಾಸಿನ ಹೋಟೆಲಿಗೆ ಹೊಕ್ಕು ರವಾ ಇಡ್ಲಿ ಕೇಳುವುದು ಇಂದು ಅಚ್ಚರಿಯ ಸಂಗತಿಯೇನಲ್ಲ. ಡೋಣಿ ಬಯಲಿನ ಬಿಳಿಜೋಳವನ್ನು ಉಂಡು ಬೆಳೆದ ಈ ಸೀಮೆಗೆ ಅದು ಹೊರಗಿನಿಂದ ಬಂದ ತಿಂಡಿ ಎಂದು ಈಗ ಯಾರಿಗೂ ಅನ್ನಿಸುವುದಿಲ್ಲ. ಆದರೆ ಆ ತಟ್ಟೆಯ ಹಿಂದೆ ಒಂದು ಮಹಾಯುದ್ಧವಿದೆ, ಅಕ್ಕಿಯ ಅಭಾವವಿದೆ, ಬೆಂಗಳೂರಿನ ಲಾಲ್‌ಬಾಗ್ ಸಮೀಪದ ಒಂದು ಅಡುಗೆಮನೆಯಿದೆ. ಆ ಅಡುಗೆಮನೆಗೆ ಹೆಸರು ತಂದವರು ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರು.

ಫಾಸ್ಟ್‌ಫುಡ್ ಸರಪಳಿಗಳ ಅಬ್ಬರದಲ್ಲಿ ನೆಮ್ಮದಿಯಾಗಿ ಕುಳಿತು ಉಣ್ಣುವ ಹೋಟೆಲುಗಳು ಉಳಿದಾವೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಮಯ್ಯರ ಬದುಕು ನೆನಪಾಗುತ್ತದೆ. ಅವರು ಆ ಸರಪಳಿಗಳನ್ನು ಕಂಡವರಲ್ಲ. ಅವು ಬೆಂಗಳೂರಿಗೆ ಕಾಲಿಡುವ ಹೊತ್ತಿಗೆ ಮಯ್ಯರು ತೀರಿಕೊಂಡು ಕಾಲು ಶತಮಾನವೇ ಕಳೆದಿತ್ತು. ಆದರೂ ಗ್ರಾಹಕ ಏನನ್ನು ಮೆಚ್ಚುತ್ತಾನೆ, ಆ ಮೆಚ್ಚುಗೆಯನ್ನು ರೂಪಿಸುವವರು ಯಾರು ಎಂಬ ಪ್ರಶ್ನೆಗೆ ಅವರಷ್ಟು ಸ್ಪಷ್ಟವಾಗಿ ಉತ್ತರಿಸಿದ ಹೋಟೆಲಿಗರು ಕನ್ನಡ ನಾಡಿನಲ್ಲಿ ವಿರಳ.

ಮಯ್ಯರ ಮೂಲ ಊರು ಉಡುಪಿ ಸೀಮೆಯ ಸಾಲಿಗ್ರಾಮದ ಬಳಿಯ ಪಾರಂಪಳ್ಳಿ. ದೇವಸ್ಥಾನ, ಮಠಗಳ ಅಡುಗೆಶಾಲೆಗಳಲ್ಲಿ ಪಳಗಿದ ಕೈಗಳು ಹೊಟ್ಟೆಪಾಡಿಗಾಗಿ ಘಟ್ಟ ಹತ್ತುತ್ತಿದ್ದ ಕಾಲವದು. ಮಯ್ಯ ಸೋದರರೂ ಹಾಗೆಯೇ ಬೆಂಗಳೂರಿಗೆ ಬಂದು, ಮೊದಲು ಅನುಕೂಲಸ್ಥರ ಮನೆಗಳಲ್ಲಿ ಅಡುಗೆಗೆ ನಿಂತರು. 1924ರಲ್ಲಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಅವರ ಸಣ್ಣ ಹೋಟೆಲು ತೆರೆಯಿತು. ಅದಕ್ಕೆ ಇಟ್ಟ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಪರಮೇಶ್ವರ ಮಯ್ಯ, ಗಣಪ್ಪಯ್ಯ ಮಯ್ಯ ಮತ್ತು ಯಜ್ಞನಾರಾಯಣ ಮಯ್ಯ, ಈ ಮೂವರ ಹೆಸರೂ ಆ ಹೋಟೆಲಿನ ಆರಂಭದ ಕಥೆಯಲ್ಲಿ ಬರುತ್ತದೆ. ಮುಂದೆ ಅದರ ಚುಕ್ಕಾಣಿ ಹಿಡಿದು ಕಡೆಯತನಕ ನಡೆಸಿದವರು ಯಜ್ಞನಾರಾಯಣರು.

ಹೋಟೆಲಿನ ಹೆಸರಲ್ಲಿ ಜಾತಿ ಏಕೆ ಎಂದು ಇಂದಿನವರು ಕೇಳಬಹುದು. ಹೊರಗೆ ತಿನ್ನುವುದೇ ಮೈಲಿಗೆ ಎಂದು ಭಾವಿಸಿದ್ದ ಜನರ ನಡುವೆ, ಅಡುಗೆ ಮಾಡಿದವರು ಯಾರು ಎಂದು ಬೋರ್ಡಿನಲ್ಲೇ ಸಾರುವುದು ಅಂದಿನ ಅನೇಕ ಹೋಟೆಲುಗಳ ವಾಡಿಕೆಯಾಗಿತ್ತು. ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಎಲ್ಲರನ್ನೂ ಒಂದೇ ಪಂಕ್ತಿಗೆ ಕರೆದ ಬಸವಣ್ಣನವರ ನಾಡಿನಲ್ಲಿ, ಎಂಟು ಶತಮಾನಗಳ ಬಳಿಕವೂ ಊಟದ ಪ್ರಶ್ನೆ ಅಲ್ಲಿಯೇ ನಿಂತಿತ್ತು ಎನ್ನಬೇಕು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಾಗ ಹಳೆಯ ಹೆಸರು ಬಿದ್ದುಹೋಯಿತು. ಮಾವಳ್ಳಿ ಟಿಫಿನ್ ರೂಮ್ಸ್ ಎಂಬ, ಬಡಾವಣೆಯ ಗುರುತಿನ ಹೆಸರು ಬಂತು. ಜನರ ಬಾಯಲ್ಲಿ ಅದು ಎಂಟಿಆರ್ ಆಯಿತು.

ಅಕ್ಕಿ ಇಲ್ಲದ ಇಡ್ಲಿ

1942ರಲ್ಲಿ ಬರ್ಮಾ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತು, ಅಕ್ಕಿಯನ್ನೇ ನಂಬಿದ್ದ ದಕ್ಷಿಣದ ಹೋಟೆಲುಗಳು ಕಂಗೆಟ್ಟವು. ಇಡ್ಲಿಯನ್ನೇ ಕೈಬಿಡುವ ಬದಲು ಅದನ್ನು ಗೋಧಿಯ ರವೆಯಿಂದ ಮಾಡಿ ನೋಡಿದ ಪ್ರಯೋಗದಿಂದ ರವಾ ಇಡ್ಲಿ ಹುಟ್ಟಿತು ಎಂಬುದು ಎಂಟಿಆರ್ ಹೇಳಿಕೊಂಡು ಬಂದಿರುವ ಇತಿಹಾಸ. ರವೆಯನ್ನು ತುಪ್ಪದಲ್ಲಿ ಹುರಿದು, ಸಾಸಿವೆ, ಗೋಡಂಬಿಗಳ ಒಗ್ಗರಣೆ ಕೊಟ್ಟು, ಮೊಸರಿನಲ್ಲಿ ಕಲಸಿ, ಸೋಡಾ ಬೆರೆಸಿ ಹಬೆಯಲ್ಲಿ ಬೇಯಿಸುವ ತಿಂಡಿಯಿದು. ಅಕ್ಕಿ, ಉದ್ದು ನೆನೆಹಾಕಬೇಕಿಲ್ಲ, ರುಬ್ಬಬೇಕಿಲ್ಲ, ಹಿಟ್ಟು ಹುಳಿ ಬರಲೆಂದು ರಾತ್ರಿಯಿಡೀ ಕಾಯಬೇಕಿಲ್ಲ.

ಇಲ್ಲೊಂದು ಸೋಜಿಗವಿದೆ. ಸಾವಧಾನದ ಊಟಕ್ಕೆ ಹೆಸರಾದ ಮನೆಯಿಂದಲೇ ಅವಸರದ ತಿಂಡಿಯೊಂದು ಹೊರಬಂದಿತ್ತು. ಮುಂದೆ ಆ ಮನೆಯನ್ನು ಉಳಿಸಿದ್ದೂ ಅದೇ ಗುಣ.

ಕಾಗದದ ಹೊದಿಕೆ, ಕುದಿಯುವ ನೀರು

1951ರಲ್ಲಿ ಮಯ್ಯರು ಯುರೋಪ್ ಪ್ರವಾಸ ಕೈಗೊಂಡರು. ಅಲ್ಲಿನ ರೆಸ್ಟೋರೆಂಟುಗಳು ನಡೆಯುವ ಬಗೆಯನ್ನು ಅರಿಯುವುದು ಅವರ ಉದ್ದೇಶವಾಗಿತ್ತು. ಅಡುಗೆಯಲ್ಲಿ ಪಳಗಿದ ಕೈಗೆ ಅಲ್ಲಿನ ರುಚಿಗಿಂತ ಅಲ್ಲಿನ ಶುಚಿ ದೊಡ್ಡ ಪಾಠವಾಯಿತು. ಮರಳಿ ಬಂದವರೇ ತಟ್ಟೆ, ಲೋಟ, ಚಮಚಗಳನ್ನು ಕ್ರಿಮಿಶುದ್ಧಿ ಮಾಡುವ ವ್ಯವಸ್ಥೆ ತಂದರು. ಗ್ರಾಹಕರು ಅಡುಗೆಮನೆಯನ್ನು ಕಣ್ಣಾರೆ ಕಂಡು ಊಟಕ್ಕೆ ಕೂರುವಂತೆ ಮಾಡಿದರು. ಶುಚಿತ್ವ, ಊಟದ ಶಿಸ್ತು, ಒಳ್ಳೆಯ ಆಹಾರಕ್ರಮಗಳನ್ನು ಕುರಿತ ಪುಸ್ತಿಕೆಗಳನ್ನೂ ಹೊರತಂದರು. ತಿನ್ನಲು ಬಂದವರ ಕೈಗೆ ಪುಸ್ತಿಕೆ ಕೊಡುವ ಹೋಟೆಲಿಗರು ಅಂದು ಎಷ್ಟು ಮಂದಿ ಇದ್ದಾರು! ಗಿರಾಕಿ ಕೇಳಿದ್ದನ್ನು ಕೊಡುವುದಷ್ಟೇ ವ್ಯಾಪಾರವಲ್ಲ, ಏನನ್ನು ಕೇಳಬೇಕೆಂಬುದನ್ನು ಗಿರಾಕಿಗೆ ಕಲಿಸುವುದೂ ತಮ್ಮ ಕೆಲಸವೇ ಎಂದು ಮಯ್ಯರು ಬಗೆದಂತಿದೆ.

ಸರಿಸುಮಾರು ಅದೇ ವರ್ಷಗಳಲ್ಲಿ ಭೂಗೋಳದ ಇನ್ನೊಂದು ಬದಿಯಲ್ಲಿ ಮತ್ತೊಂದು ಸೋದರ ಜೋಡಿ ಇದೇ ಸಮಸ್ಯೆಯೊಡನೆ ಸೆಣಸಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಮೆಕ್‌ಡೊನಾಲ್ಡ್ ಸೋದರರು 1948ರಲ್ಲಿ ತಮ್ಮ ಹೋಟೆಲಿನ ಪದ್ಧತಿಯನ್ನೇ ತಲೆಕೆಳಗು ಮಾಡಿದರು. ತಿನಿಸುಗಳ ಪಟ್ಟಿಯನ್ನು ಒಂಬತ್ತಕ್ಕೆ ಇಳಿಸಿದರು, ಬಡಿಸುವವರನ್ನು ತೆಗೆದರು, ತಟ್ಟೆಗಳ ಜಾಗಕ್ಕೆ ಕಾಗದ ತಂದರು. 15 ಸೆಂಟಿಗೆ ಹ್ಯಾಂಬರ್ಗರ್ ಕೊಟ್ಟರು. ತಟ್ಟೆ ತೊಳೆಯುವ ತಲೆನೋವಿಗೆ ಅವರು ಕಂಡುಕೊಂಡ ಪರಿಹಾರ ತಟ್ಟೆಯನ್ನೇ ಇಲ್ಲವಾಗಿಸುವುದು. ಮಯ್ಯರು ಕಂಡುಕೊಂಡದ್ದು ತಟ್ಟೆಯನ್ನು ಕುದಿಯುವ ಹಬೆಗೆ ಒಡ್ಡುವುದು. ಜಗತ್ತಿನ ಬಹುಭಾಗ ಮೊದಲನೆಯ ದಾರಿ ಹಿಡಿಯಿತು. ಎರಡನೆಯದಕ್ಕೆ ಆಳು ಬೇಕು, ನೀರು ಬೇಕು, ವೇಳೆ ಬೇಕು. ಅದಕ್ಕೆ ತಕ್ಕ ಬೆಲೆ ಬೇಕು.

ಆ ವೇಳೆಯನ್ನು ಮಯ್ಯರ ಹೋಟೆಲು ಗ್ರಾಹಕರಿಂದಲೇ ಪಡೆಯಿತು. ಎಂಟಿಆರ್‌ನಲ್ಲಿ ಜಾಗ ಸಿಗಬೇಕಾದರೆ ಕಾಯಬೇಕು ಎಂಬುದು ಬೆಂಗಳೂರಿಗರಿಗೆ ಅಂಗೈರೇಖೆಯಷ್ಟು ಪರಿಚಿತ. ಕಾದವರ ಮುಂದೆ ಬಿಸಿ ದೋಸೆ ಬಂತು, ಬೆಳ್ಳಿಯ ಲೋಟದಲ್ಲಿ ಕಾಫಿ ಬಂತು. ಮಂತ್ರಿಗಳಿರಲಿ ಗುಮಾಸ್ತರಿರಲಿ, ಬಾಗಿಲಲ್ಲಿ ನಿಲ್ಲುವುದು ಅಲ್ಲಿ ಅವಮಾನವೆನಿಸಲಿಲ್ಲ. ಕಾಯುವುದೇ ರುಚಿಯ ಒಂದು ಭಾಗವೆಂಬಂತೆ ಊರು ಒಪ್ಪಿಕೊಂಡಿತು.

1968ರಲ್ಲಿ ಯಜ್ಞನಾರಾಯಣ ಮಯ್ಯರು ನಿಧನರಾದರು. ಹೊಣೆ ಹರಿಶ್ಚಂದ್ರ ಮಯ್ಯರ ಹೆಗಲಿಗೆ ಬಂತು.

ದೊಡ್ಡ ಪರೀಕ್ಷೆ ಎದುರಾದದ್ದು ಆಮೇಲೆ, ತುರ್ತುಪರಿಸ್ಥಿತಿಯ ಕಾಲದಲ್ಲಿ. ಹೋಟೆಲು ತಿನಿಸುಗಳನ್ನು ತೀರ ಕಡಿಮೆ ಬೆಲೆಗೆ ಮಾರಬೇಕೆಂಬ ಸರ್ಕಾರಿ ನಿರ್ಬಂಧ ಬಂದಾಗ, ತುಪ್ಪ, ಕಾಫಿಬೀಜಗಳಲ್ಲಿ ರಾಜಿ ಮಾಡಿಕೊಳ್ಳದ ಅಡುಗೆಮನೆಗೆ ಉಸಿರುಗಟ್ಟಿತು. ಗುಣಮಟ್ಟ ಇಳಿಸಿ ಹೋಟೆಲು ನಡೆಸುವ ದಾರಿಯೇನೋ ಇತ್ತು. ಮಯ್ಯ ಕುಟುಂಬ ಬೇರೆ ದಾರಿ ಹುಡುಕಿತು. ಮಸಾಲೆ ಪುಡಿ, ಚಟ್ನಿಪುಡಿ, ರವಾ ಇಡ್ಲಿ ಮಿಕ್ಸ್‌ಗಳನ್ನು ಪೊಟ್ಟಣಗಳಲ್ಲಿ ಮಾರತೊಡಗಿತು. ಹುಳಿ ಬರಿಸುವ ಗೋಜಿಲ್ಲದ ರವಾ ಇಡ್ಲಿ ಪೊಟ್ಟಣಕ್ಕೆ ಹೇಳಿ ಮಾಡಿಸಿದಂತಿತ್ತು. ಹೀಗೆ ಯುದ್ಧಕಾಲದ ಕೊರತೆಯಲ್ಲಿ ಹುಟ್ಟಿದ ತಿಂಡಿ, ಬೆಲೆ ನಿಯಂತ್ರಣದ ಇಕ್ಕಟ್ಟಿನಲ್ಲಿ ಉದ್ಯಮವಾಗಿ ಬೆಳೆಯಿತು. 2007ರಲ್ಲಿ ಆ ಪೊಟ್ಟಣದ ಉದ್ಯಮ ನಾರ್ವೆಯ ಆರ್ಕ್ಲಾ ಕಂಪನಿಯ ಪಾಲಾಯಿತು. ಹೋಟೆಲುಗಳು ಮಾತ್ರ ಕುಟುಂಬದ ಕೈಯಲ್ಲೇ ಉಳಿದವು.

ಅಷ್ಟರಲ್ಲಿ ಬೆಂಗಳೂರಿನ ನಾಲಿಗೆಯೂ ಬದಲಾಗಿತ್ತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದ ಮೇಲೆ ಕೂಪನ್ ಕೊಂಡು, ನಿಂತೇ ತಿಂದು ಹೊರಡುವುದು ನಗರದ ರೂಢಿಯಾಯಿತು. ಮಾಣಿ ಇಲ್ಲ, ಕುರ್ಚಿಯಿಲ್ಲ, ಬೆಲೆ ಕಡಿಮೆ. 1995ರಲ್ಲಿ ಬ್ರಿಗೇಡ್ ರಸ್ತೆಗೆ ಕೆಂಟಕಿ ಚಿಕನ್ ಬಂತು, ಮರುವರ್ಷ ಪಿಜ್ಜಾ ಹಟ್. 1996ರ ಜನವರಿಯಲ್ಲಿ ರಾಜ್ಯ ರೈತ ಸಂಘದ ಕಾರ್ಯಕರ್ತರು ಕೆಂಟಕಿ ಮಳಿಗೆಗೆ ನುಗ್ಗಿ ದಾಂಧಲೆ ಮಾಡಿದ್ದು ಲೋಕವೆಲ್ಲ ಸುದ್ದಿಯಾಯಿತು. ಆದರೆ ಕುಳಿತು ಉಣ್ಣುವ ಹೋಟೆಲುಗಳ ಬುಡ ಅಲುಗಿಸಿದ್ದು ವಿದೇಶಿ ಕೋಳಿಗಿಂತ ಹೆಚ್ಚಾಗಿ ಸ್ವದೇಶಿ ದರ್ಶಿನಿ. ಅದೇ ಇಡ್ಲಿ, ಅದೇ ವಡೆ ಅಗ್ಗವಾಗಿ, ಬೇಗನೆ ಸಿಗುವಾಗ ದಿನನಿತ್ಯದ ಗಿರಾಕಿ ಅತ್ತ ಸರಿದ. ಕುರ್ಚಿ ಹಾಕಿದ ಹೋಟೆಲಿಗೆ ಅವನು ಬರುವುದು ವಾರಕ್ಕೊಮ್ಮೆ, ಮನೆಮಂದಿಯೊಡನೆ ಎಂದಾಯಿತು. ಎಂಟಿಆರ್‌ಗೆ ಆ ಹೊಡೆತ ಬಾಧಿಸದಿದ್ದುದಕ್ಕೆ ಕಾರಣ ಹುಡುಕಿದರೆ ಮತ್ತೆ ಯಜ್ಞನಾರಾಯಣರ ಬಳಿಗೇ ಬರಬೇಕು. ಬೇಗ ಎಂಬುದನ್ನು ಅವರು ತಮ್ಮ ಗಿರಾಕಿಗೆ ಎಂದೂ ಮಾರಿರಲಿಲ್ಲ; ಹಾಗಾಗಿ ಇನ್ನೂ ಬೇಗ ಕೊಡುವವರು ಬಂದಾಗ ಆ ಗಿರಾಕಿ ಕದಲಲಿಲ್ಲ. ಸರಪಳಿಗಳು ಇಂದು ದೊಡ್ಡದಾಗಿ ಹೇಳಿಕೊಳ್ಳುವ ಶುಚಿಯಂತೂ ನಾಲ್ಕು ದಶಕ ಮೊದಲೇ ಅವರ ಅಡುಗೆಮನೆಯಲ್ಲಿತ್ತು.

ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಎಂಟಿಆರ್‌ನ ಮಾತಿಗೆ ಹೋಲಿಕೆ ಬೇಕಾದರೆ ಖಾನಾವಳಿಯನ್ನು ನೋಡಬೇಕು. ಉಣ್ಣುವವರು ಕೂತ ಮೇಲೆ ಹಂಚಿನಿಂದ ಇಳಿಯುವ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎರಡನೆಯ ರೊಟ್ಟಿಗೆ ಕೈ ತಡೆದು ಕಾಯಬೇಕು. ಬಡಿಯುವ ಕೈಗಳ ವೇಗವೇ ಊಟದ ವೇಗ. ಸಂಜೆಯಾದರೆ ಅದೇ ರಸ್ತೆಗಳಲ್ಲಿ ಗೋಬಿ ಮಂಚೂರಿ, ಎಗ್ ರೈಸ್ ಗಾಡಿಗಳು ನಿಲ್ಲುತ್ತವೆ, ಹುಡುಗರು ಅಲ್ಲಿ ಮುಗಿಬೀಳುತ್ತಾರೆ. ರೊಟ್ಟಿ ಬಡಿಯಬಲ್ಲ ಹೆಂಗಸರಿಗೆ ತಕ್ಕ ಕೂಲಿ ಕೊಡಲು ಊಟದ ದರ ಏರಿಸಬೇಕು, ಏರಿಸಿದರೆ ಗಿರಾಕಿ ಮುಖ ತಿರುಗಿಸುತ್ತಾನೆ. ಎಪ್ಪತ್ತರ ದಶಕದಲ್ಲಿ ಲಾಲ್‌ಬಾಗ್ ರಸ್ತೆಯಲ್ಲಿ ಕಾನೂನು ಮಾಡಿದ ಕೆಲಸವನ್ನು ಇಲ್ಲಿ ಸಂತೆಯೇ ಮಾಡುತ್ತಿದೆ.

ಉತ್ತರವೂ ಅದೇ ಬಗೆಯದು. ಉತ್ತರ ಕರ್ನಾಟಕದ ಊರೂರಿನಲ್ಲಿ ಮಹಿಳೆಯರು ಖಡಕ್ ರೊಟ್ಟಿ ಬಡಿದು, ಎಣಿಸಿ ಕಟ್ಟಿ, ಬೆಂಗಳೂರು, ಪುಣೆ, ಮುಂಬಯಿಗಳವರೆಗೆ ಕಳಿಸುತ್ತಿದ್ದಾರೆ. ನೀರಿನಂಶ ಪೂರ್ತಿ ಆರಿದ ಆ ರೊಟ್ಟಿ ವಾರಗಟ್ಟಲೆ ಕೆಡದು. ಹಂಚಿನಿಂದ ನೇರವಾಗಿ ತಾಟಿಗೆ ಬೀಳುವ ಬಿಸಿ ರೊಟ್ಟಿಯನ್ನು ಮಾತ್ರ ಯಾವ ಪೊಟ್ಟಣಕ್ಕೂ ತುಂಬಲಾಗಿಲ್ಲ. ಅದು ಬೇಕಾದವರು ಇಂದಿಗೂ ಖಾನಾವಳಿಯ ಮಣೆಯ ಮೇಲೆ ಕುಳಿತು ಕಾಯುತ್ತಾರೆ.