ಹಳೆಯ ಹೋಂಡಾ ಹುಟ್ಟಿದ್ದೆಲ್ಲಿ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಅಬ್ಬಾ ಅವರ ಗ್ಯಾರೇಜಿಗೆ ಒಂದು ಹಳೆಯ ಹೋಂಡಾ ಬೈಕ್ ಬಂತು. ಟ್ಯಾಂಕಿನ ಬಣ್ಣ ಹೋಗಿತ್ತು, ಸೀಟು ಹರಿದಿತ್ತು, ಕಾಗದಪತ್ರದಲ್ಲಿ ಅರ್ಧ ಅಕ್ಷರ ಅಳಿಸಿಹೋಗಿತ್ತು. ತಂದವರಿಗೆ ಒಂದೇ ಸಂಶಯ. ಇದು ನಿಜವಾಗಿ ಜಪಾನಿನಲ್ಲೇ ತಯಾರಾದ ಗಾಡಿಯೋ, ಇಲ್ಲ ನಾಲ್ಕು ಗಾಡಿಗಳ ಸಾಮಾನು ಸೇರಿಸಿ ಯಾರೋ ನಿಲ್ಲಿಸಿದ್ದೋ?

ಅಬ್ಬಾ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಹ್ಯಾಂಡಲ್ ಕೆಳಗಿನ ಫ್ರೇಮನ್ನು ಒರೆಸಿದರು. ಜಿಡ್ಡು ಹೋದ ಮೇಲೆ ಸಿಬಿ350 ಎಂಬ ಗುರುತು, ಅದರ ಮುಂದೆ ಒಂದು ನಂಬರ್ ಕಾಣಿಸಿತು. ಆಮೇಲೆ ಎಂಜಿನ್ನಿನ ಕೆಳಭಾಗ ಒರೆಸಿದರು. ಅಲ್ಲಿ ಸಿಬಿ350ಇ ಎಂದಿತ್ತು, ಅದರ ಮುಂದೆ ಬೇರೆಯೇ ನಂಬರ್. ಎರಡು ನಂಬರ್ ಬೇರೆ ಇವೆಯಲ್ಲ ಎಂದು ನನಗೆ ಅನುಮಾನ ಬಂತು. ಅಬ್ಬಾ ವಿವರಿಸಿದರು. ಹಳೆಯ ಹೋಂಡಾಗಳಲ್ಲಿ ಫ್ರೇಮಿನ ನಂಬರ್ ಮತ್ತು ಎಂಜಿನ್ ನಂಬರ್ ಒಂದೇ ಆಗಿರಬೇಕಿಲ್ಲ, ಆದರೆ ಮುಂದಿನ ಮಾದರಿಯ ಗುರುತು ಹೊಂದಬೇಕು. ಎಂಜಿನ್ ಮೇಲಿನ ಹೆಚ್ಚಿನ ಇ ಅಕ್ಷರ ಎಂಜಿನ್ ಎಂಬುದರ ಸೂಚನೆ ಅಷ್ಟೆ.

ಇಂದಿನ ಗಾಡಿಗಳಲ್ಲಿ ಈ ಕೆಲಸ ಸುಲಭ. ಚಾಸಿಸ್ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಮೂರನ್ನು ನೋಡಿದರೆ ತಯಾರಕರು ಯಾರು, ದೇಶ ಯಾವುದು ಎಂದು ತಿಳಿಯುತ್ತದೆ. ಜೆಎಚ್2 ಎಂದಿದ್ದರೆ ಜಪಾನಿನ ಹೋಂಡಾ, 1ಎಚ್ಎಫ್ ಎಂದಿದ್ದರೆ ಅಮೆರಿಕದ್ದು, ಎಂಇ4 ಎಂದಿದ್ದರೆ ಭಾರತದ್ದು. ನಮ್ಮ ಮುಂದಿದ್ದ ಗಾಡಿಯ ನಂಬರ್ ಚಿಕ್ಕದು, ಅಂದರೆ ಆ ಪದ್ಧತಿ ಬರುವುದಕ್ಕಿಂತ ಹಿಂದಿನದು. 1968ರಲ್ಲಿ ಬಂದ ಸಿಬಿ350 ಜಪಾನಿನಲ್ಲಿ ತಯಾರಾಗುತ್ತಿದ್ದ ಮಾದರಿ. ಫ್ರೇಮೂ ಎಂಜಿನ್ನೂ ಅದೇ ಮಾದರಿಯವು. ಬಂದವರ ಮುಖ ಅರಳಿತು.

ಅವರು ಹೋದ ಮೇಲೆ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಉಳಿಯಿತು. ಟ್ಯಾಂಕಿನ ಮೇಲೆ ಬರೆದಿರುವ ಹೋಂಡಾ ಎಂಬ ಹೆಸರು ಯಾರದು? ಆ ಮನುಷ್ಯನ ಕೆಲಸ ಶುರುವಾದದ್ದು ಯಾವ ಊರಿನಲ್ಲಿ? ಗೆಳೆಯರೇ, ಹುಡುಕುತ್ತಾ ಹೋದಾಗ ತಿಳಿದ ಜೀವನವನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಸೊಯಿಚಿರೊ ಹೋಂಡಾ ಅವರು 1906ರ ನವೆಂಬರ್ 17ರಂದು ಜಪಾನಿನ ಶಿಜುವೊಕಾ ಪ್ರಾಂತ್ಯದ ಕೊಮ್ಯೊ ಎಂಬ ಹಳ್ಳಿಯಲ್ಲಿ ಜನಿಸಿದರು. ಈ ಹಳ್ಳಿ ಆಗ ಇದ್ದದ್ದು ಹಮಾಮಾತ್ಸು ಪಟ್ಟಣದ ಹತ್ತಿರ. ತಂದೆ ಗಿಹೇ ಕಮ್ಮಾರರು, ಸೈಕಲ್ ರಿಪೇರಿಯನ್ನೂ ಮಾಡುತ್ತಿದ್ದರು. ತಾಯಿ ಮಿಕಾ ನೇಯ್ಗೆ ಬಲ್ಲವರು. ಹಳ್ಳಿಗೆ ಮೊದಲ ಬಾರಿ ಮೋಟಾರು ಕಾರು ಬಂದಾಗ ಬಾಲಕ ಸೊಯಿಚಿರೊ ಅದರ ಹಿಂದೆಯೇ ಓಡಿದ. ನೆಲಕ್ಕೆ ತೊಟ್ಟಿಕ್ಕಿದ ಆಯಿಲ್ಲಿನ ವಾಸನೆಯನ್ನು ಅವರು ಮುದುಕರಾಗುವ ತನಕ ಮರೆಯಲಿಲ್ಲ. 1917ರಲ್ಲಿ ಹಮಾಮಾತ್ಸುವಿಗೆ ಅಮೆರಿಕದ ವಿಮಾನ ಚಾಲಕರೊಬ್ಬರು ಪ್ರದರ್ಶನ ನೀಡಲು ಬಂದಾಗ, ಮನೆಯಲ್ಲಿ ಹೇಳದೆ ತಂದೆಯ ದೊಡ್ಡ ಸೈಕಲನ್ನು ತುಳಿದುಕೊಂಡು ಸುಮಾರು 20 ಕಿಲೋಮೀಟರ್ ಹೋಗಿ ನೋಡಿಬಂದ.

ಓದಿನಲ್ಲಿ ಅವರಿಗೆ ಮನಸ್ಸಿರಲಿಲ್ಲ. 1922ರಲ್ಲಿ ಟೋಕಿಯೊ ನಗರದ ಆರ್ಟ್ ಶೋಕಾಯ್ ಎಂಬ ಮೋಟಾರು ರಿಪೇರಿ ಅಂಗಡಿಗೆ ಕೆಲಸ ಕಲಿಯಲು ಸೇರಿದರು. ಆಗ ವಯಸ್ಸು 15. ಸ್ಪಾನರ್ ಸಿಗುತ್ತದೆ ಎಂದು ಹೋದ ಹುಡುಗನಿಗೆ ಮೊದಲು ಸಿಕ್ಕಿದ್ದು ಮಾಲೀಕರ ಮಗುವನ್ನು ಎತ್ತಿಕೊಂಡು ತಿರುಗುವ ಕೆಲಸ. ಬಿಟ್ಟು ಓಡಿಹೋಗುವ ಮನಸ್ಸಾದರೂ ತಾಳಿಕೊಂಡರು. ನಿಧಾನವಾಗಿ ಕೆಲಸ ಕೈಗೆ ಹತ್ತಿತು. ಮಾಲೀಕರಿಗೆ ಅವರ ಮೇಲೆ ಎಷ್ಟು ನಂಬಿಕೆ ಬಂತೆಂದರೆ, 1928ರಲ್ಲಿ ಅದೇ ಅಂಗಡಿಯ ಹೆಸರಿನಲ್ಲಿ ಹಮಾಮಾತ್ಸುವಿನಲ್ಲಿ ಶಾಖೆ ತೆರೆಯಲು ಅನುಮತಿ ಕೊಟ್ಟರು.

ರಿಪೇರಿಯಿಂದ ಚೆನ್ನಾಗಿಯೇ ಸಂಪಾದನೆ ಆಗುತ್ತಿತ್ತು. ಆದರೆ ಬೇರೆಯವರು ಮಾಡಿದ್ದನ್ನು ಸರಿಪಡಿಸುವುದಕ್ಕಿಂತ ತಾನೇ ಒಂದು ವಸ್ತುವನ್ನು ಮಾಡಬೇಕು ಎಂಬ ಹಂಬಲ ಅವರದು. ಪಿಸ್ಟನ್ ರಿಂಗ್ ತಯಾರಿಸಲು ಹೊರಟರು. ರಾತ್ರಿಯೆಲ್ಲ ದುಡಿದರೂ ರಿಂಗ್ ಸರಿಬರಲಿಲ್ಲ. ಕೊನೆಗೆ ತಮಗೆ ಲೋಹದ ವಿಷಯವೇ ಗೊತ್ತಿಲ್ಲ ಎಂದು ಒಪ್ಪಿಕೊಂಡು, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ ಹಮಾಮಾತ್ಸುವಿನ ತಾಂತ್ರಿಕ ಶಾಲೆಗೆ ಹೋಗಿ ಹುಡುಗರ ನಡುವೆ ಕುಳಿತರು. ತಮಗೆ ಬೇಕಾದ ಪಾಠ ಕೇಳಿದರು, ಪರೀಕ್ಷೆ ಬರೆಯಲಿಲ್ಲ, ಡಿಪ್ಲೊಮಾವೂ ಸಿಗಲಿಲ್ಲ. ಟೊಯೊಟಾ ಕಂಪನಿಗೆ ಮೊದಲು ಕೊಟ್ಟ 50 ರಿಂಗ್‌ಗಳಲ್ಲಿ ಪಾಸಾದದ್ದು ಮೂರೇ. ಮುಂದೆ ಅದೇ ಕಂಪನಿಗೆ ಅವರು ರಿಂಗ್ ಒದಗಿಸುವವರಾದರು.

ಅಷ್ಟರಲ್ಲಿ ಯುದ್ಧ ಬಂತು. ಬಾಂಬ್ ದಾಳಿಗೆ ಒಂದು ಕಾರ್ಖಾನೆ ಹೋಯಿತು. 1945ರ ಜನವರಿಯ ಭೂಕಂಪದಲ್ಲಿ ಇನ್ನೊಂದು ಕುಸಿಯಿತು. ಉಳಿದದ್ದನ್ನು ಟೊಯೊಟಾ ಸಮೂಹಕ್ಕೆ ನಾಲ್ಕೂವರೆ ಲಕ್ಷ ಯೆನ್‌ಗೆ ಮಾರಿ ಒಂದು ವರ್ಷ ಸುಮ್ಮನೆ ಕುಳಿತರು.

ಹೋಂಡಾ ಗಾಡಿಯ ಹುಟ್ಟೂರು ಸಿಗುವುದು ಇಲ್ಲಿಯೇ. 1946ರ ಅಕ್ಟೋಬರಿನಲ್ಲಿ ಹಮಾಮಾತ್ಸುವಿನ ಯಮಾಶಿತಾ ಬಡಾವಣೆಯ ಒಂದು ಚಿಕ್ಕ ಶೆಡ್ಡಿನಲ್ಲಿ ಅವರು ಮತ್ತೆ ಕೆಲಸ ಶುರುಮಾಡಿದರು. ಸೈನ್ಯದ ವೈರ್‌ಲೆಸ್ ಯಂತ್ರಗಳಿಗೆ ಕರೆಂಟ್ ಕೊಡಲು ಬಳಸುತ್ತಿದ್ದ ಪುಟ್ಟ ಎಂಜಿನ್‌ಗಳು ಯುದ್ಧ ಮುಗಿದ ಮೇಲೆ ಬೇಡವಾಗಿ ಬಿದ್ದಿದ್ದವು. ಹೋಂಡಾ ಅವುಗಳನ್ನು ತಂದು ಸೈಕಲ್‌ಗಳಿಗೆ ಜೋಡಿಸಿದರು. ಪೆಟ್ರೋಲ್ ಟ್ಯಾಂಕ್ ಇರಲಿಲ್ಲ. ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಡಬ್ಬಿಯನ್ನೇ ಟ್ಯಾಂಕ್ ಮಾಡಿದರು. ಪತ್ನಿ ಸಾಚಿ ಅವರು ಅದನ್ನು ಓಡಿಸಿ ನೋಡಿದರು. ಬಸ್ಸು ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲದ ಕಾಲ ಅದು. ಸುಮಾರು 500 ಎಂಜಿನ್‌ಗಳು ಬೇಗನೆ ಖರ್ಚಾದವು. ಆಗ ತಮ್ಮದೇ ಎಂಜಿನ್ ತಯಾರಿಸಿದರು. 1948ರ ಸೆಪ್ಟೆಂಬರ್ 24ರಂದು 10 ಲಕ್ಷ ಯೆನ್ ಬಂಡವಾಳದಲ್ಲಿ ಹೋಂಡಾ ಮೋಟಾರ್ ಕಂಪನಿ ನೋಂದಣಿಯಾಯಿತು. ಮರುವರ್ಷ ಡ್ರೀಮ್ ಎಂಬ ಹೆಸರಿನ ಪೂರ್ಣ ಮೋಟಾರ್‌ಸೈಕಲ್ ಹೊರಬಂತು.

ಇಲ್ಲಿಯವರೆಗಿನ ಕಥೆ ವಿಜ್ಞಾನ ವಿಭಾಗದ ಗೆಳೆಯರಿಗೆ ಇಷ್ಟವಾಗಬಹುದು. ಇಲ್ಲಿಂದ ಮುಂದಿನದು ನಮ್ಮ ವಾಣಿಜ್ಯ ವಿಭಾಗದ್ದು.

ಗಾಡಿ ಚೆನ್ನಾಗಿತ್ತು, ಆದರೆ ದುಡ್ಡು ವಸೂಲಾಗುತ್ತಿರಲಿಲ್ಲ. 1949ರಲ್ಲಿ ಟಕೆಯೊ ಫುಜಿಸಾವಾ ಎಂಬವರು ಹೋಂಡಾ ಅವರ ಜೊತೆ ಸೇರಿದರು. ಯಂತ್ರ ಹೋಂಡಾ ಅವರದು, ಮಾರಾಟ ಮತ್ತು ಹಣ ಫುಜಿಸಾವಾ ಅವರದು ಎಂದು ಕೆಲಸ ಹಂಚಿಕೊಂಡರು. ಕಂಪನಿಯ ಅಧ್ಯಕ್ಷರ ಮೊಹರನ್ನೇ ಹೋಂಡಾ ಅವರು ಫುಜಿಸಾವಾ ಅವರ ಕೈಗೆ ಒಪ್ಪಿಸಿಬಿಟ್ಟರು. ಜಪಾನಿನಲ್ಲಿ ಮೊಹರು ಎಂದರೆ ನಮ್ಮಲ್ಲಿ ಚೆಕ್ಕಿನ ಮೇಲಿನ ಸಹಿ ಇದ್ದಂತೆ. ಪಾಲುದಾರಿಕೆಯ ಪಾಠದಲ್ಲಿ ನಾವು ಓದುವ ಪರಸ್ಪರ ನಂಬಿಕೆ ಎಂಬ ಮಾತಿನ ಅರ್ಥ ನನಗೆ ಇಲ್ಲಿ ಸರಿಯಾಗಿ ತಿಳಿಯಿತು.

1952ರಲ್ಲಿ ಸೈಕಲ್ಲಿಗೆ ಜೋಡಿಸುವ ಕಬ್ ಎಂಬ ಎಂಜಿನ್ ತಯಾರಾದಾಗ ಫುಜಿಸಾವಾ ಅವರು ಜಪಾನಿನ ಸುಮಾರು 50 ಸಾವಿರ ಸೈಕಲ್ ಅಂಗಡಿಗಳಿಗೆ ಪತ್ರ ಬರೆದರು. ಅವರಲ್ಲಿ ಸುಮಾರು 13 ಸಾವಿರ ಅಂಗಡಿಯವರು ಹೋಂಡಾ ಮಾರಾಟಗಾರರಾದರು, ಹಣವನ್ನೂ ಮುಂಗಡ ಕಟ್ಟಿದರು. ಕಂಪನಿ ಟೋಕಿಯೊಗೆ, ಸೈತಾಮಾ ಪ್ರಾಂತ್ಯಕ್ಕೆ ಹರಡಿತು. ಅದೇ ವರ್ಷ ವಿದೇಶದಿಂದ 45 ಕೋಟಿ ಯೆನ್ ಬೆಲೆಯ ಯಂತ್ರಗಳನ್ನು ತರಿಸಲು ನಿರ್ಧರಿಸಿದರು. ಕಂಪನಿಯ ಬಂಡವಾಳಕ್ಕೆ ಹೋಲಿಸಿದರೆ ಇದು ಬೆಟ್ಟದಷ್ಟು ಸಾಲ.

1954ರಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂತು. ಗಾಡಿಗಳಲ್ಲಿ ದೋಷ ಕಂಡುಬಂತು, ಮಾರಾಟ ಕುಸಿಯಿತು, ಯಂತ್ರಗಳ ಬಾಕಿ ತಲೆಯ ಮೇಲಿತ್ತು. ಹೋಂಡಾ ಹಗಲಿರುಳು ಕಾರ್ಬ್ಯುರೇಟರ್ ಸರಿಮಾಡುವುದರಲ್ಲಿ ಮುಳುಗಿದರು. ಫುಜಿಸಾವಾ ಬಿಡಿಭಾಗ ಕೊಡುವವರ ಹತ್ತಿರ ಬಾಕಿಗೆ ಸಮಯ ಕೇಳಿದರು, ಬ್ಯಾಂಕಿನ ಮುಂದೆ ಲೆಕ್ಕವನ್ನೆಲ್ಲ ಮುಚ್ಚಿಡದೆ ಬಿಚ್ಚಿಟ್ಟರು. ಬ್ಯಾಂಕ್ ಕೈಬಿಡಲಿಲ್ಲ. ಒಬ್ಬರು ಎಂಜಿನ್ ಉಳಿಸಿದರು, ಒಬ್ಬರು ಕಂಪನಿ ಉಳಿಸಿದರು.

1958ರಲ್ಲಿ ಸೂಪರ್ ಕಬ್ ಬಂತು. ಕ್ಲಚ್ ಹಿಡಿಯುವ ಅಗತ್ಯವಿಲ್ಲದ ಕಾರಣ ಊಟ ತಲುಪಿಸುವ ಹುಡುಗ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸಬಹುದಿತ್ತು. ಇದಕ್ಕಾಗಿಯೇ 1960ರಲ್ಲಿ ಸುಜುಕಾ ಎಂಬಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 2017ರ ಹೊತ್ತಿಗೆ ಈ ಸಾಲಿನ 10 ಕೋಟಿ ಗಾಡಿಗಳು ತಯಾರಾಗಿದ್ದವು. 1961ರಲ್ಲಿ ಬ್ರಿಟನ್ನಿನ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ರೇಸಿನಲ್ಲಿ 125 ಮತ್ತು 250 ಸಿಸಿ ವಿಭಾಗಗಳೆರಡನ್ನೂ ಹೋಂಡಾ ಗೆದ್ದಿತು. 1963ರಲ್ಲಿ ಬೆಲ್ಜಿಯಂ ದೇಶದ ಆಲ್ಸ್ಟ್ ಪಟ್ಟಣದ ಕಾರ್ಖಾನೆಯಿಂದ ಮೊಪೆಡ್ ಹೊರಬಂತು. 1979ರಲ್ಲಿ ಅಮೆರಿಕದ ಓಹಾಯೊ ರಾಜ್ಯದಲ್ಲೂ ಮೋಟಾರ್‌ಸೈಕಲ್ ತಯಾರಿಕೆ ಶುರುವಾಯಿತು. ಆದ್ದರಿಂದ ಟ್ಯಾಂಕಿನ ಮೇಲೆ ಜಪಾನಿ ಹೆಸರಿದ್ದ ಮಾತ್ರಕ್ಕೆ ಗಾಡಿ ಜಪಾನಿನದಾಗುವುದಿಲ್ಲ, ನಂಬರ್ ನೋಡಲೇಬೇಕು. ನಮ್ಮದೇ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಗಾಡಿಗಳು ತಯಾರಾಗುತ್ತಿವೆ.

1973ರಲ್ಲಿ ಫುಜಿಸಾವಾ ನಿವೃತ್ತಿಯಾಗಲು ಮನಸ್ಸು ಮಾಡಿದಾಗ ಹೋಂಡಾ ಅವರೂ ಜೊತೆಯಲ್ಲೇ ಕುರ್ಚಿ ಬಿಟ್ಟರು. ತಮ್ಮ ಮಕ್ಕಳನ್ನು ಇಬ್ಬರೂ ಕಂಪನಿಗೆ ತರಲಿಲ್ಲ. ಆಮೇಲೆ ಹೋಂಡಾ ಅವರು ಜಪಾನಿನ ಕಾರ್ಖಾನೆ, ಅಂಗಡಿಗಳಿಗೆಲ್ಲ ಹೋಗಿ ಕೆಲಸಗಾರರ ಕೈಕುಲುಕಿ ಧನ್ಯವಾದ ಹೇಳಿಬಂದರು. ಫುಜಿಸಾವಾ 1988ರಲ್ಲಿ ತೀರಿಕೊಂಡರು. ಹೋಂಡಾ ಅವರು 1991ರ ಆಗಸ್ಟ್ 5ರಂದು 84ನೇ ವಯಸ್ಸಿನಲ್ಲಿ ನಿಧನರಾದರು. ರಸ್ತೆಯಲ್ಲಿ ವಾಹನಗಳಿಗೆ ಅಡಚಣೆಯಾಗಬಾರದೆಂದು ಕಂಪನಿಯ ವತಿಯಿಂದ ದೊಡ್ಡ ಅಂತ್ಯಕ್ರಿಯೆ ಬೇಡ ಎಂದು ತಿಳಿಸಿದ್ದರು. ಜೀವನವಿಡೀ ರಸ್ತೆಗೆ ಗಾಡಿ ಕೊಟ್ಟವರು ಹೋಗುವಾಗ ಅದೇ ರಸ್ತೆಗೆ ತೊಂದರೆ ಕೊಡಲಿಲ್ಲ.

ಗೆಳೆಯರೇ, ಕೊನೆಗೆ ನನ್ನದೊಂದು ಮಾತು. ಹತ್ತನೇ ತರಗತಿಯ ನಂತರ ನಾನು ವಾಣಿಜ್ಯ ವಿಭಾಗ ತೆಗೆದುಕೊಂಡಾಗ ಅಬ್ಬಾ ಏನೂ ಹೇಳಲಿಲ್ಲ. ಆದರೆ ಗ್ಯಾರೇಜನ್ನು ನಾನು ಬಿಟ್ಟುಕೊಟ್ಟೆನೇನೋ ಎಂಬ ಅಳುಕು ನನ್ನೊಳಗೆ ಇತ್ತು. ಅಬ್ಬಾ ಅವರಿಗೆ ಯಾವ ಎಂಜಿನ್ನೂ ತಿಳಿಯುತ್ತದೆ, ಲೆಕ್ಕ ಮಾತ್ರ ತಿಳಿಯುವುದಿಲ್ಲ. ಯಾರು ಎಷ್ಟು ಬಾಕಿ ಎಂಬುದು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲ್ಲಿನಲ್ಲಿ ಇರುತ್ತಿತ್ತು. ತಿಂಗಳು ಮುಗಿದು ಹಾಳೆ ಹರಿದರೆ ಬಾಕಿಯೂ ಹೋಯಿತು.

ಫುಜಿಸಾವಾ ಅವರ ಬಗ್ಗೆ ಓದಿದ ಮರುದಿನ ಒಂದು ಉದ್ದನೆಯ ನೋಟ್‌ಬುಕ್ ತಂದು ಜಮಾ, ಖರ್ಚು ಎಂದು ಗೆರೆ ಎಳೆದೆ. ಮೊದಲ ಪುಟದಲ್ಲಿ ಬರೆದದ್ದು ಆ ಹಳೆಯ ಹೋಂಡಾದ ಫ್ರೇಮ್ ನಂಬರ್, ಎಂಜಿನ್ ನಂಬರ್, ಅದರ ರಿಪೇರಿಗೆ ಬಂದ ಮುಂಗಡ. ಸಂಜೆ ಅಬ್ಬಾ ಕೈ ತೊಳೆದು ಬಂದು ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಗಲ್ಲಾಪೆಟ್ಟಿಗೆಯ ಬೀಗದ ಕೈ ತೆಗೆದು ನೋಟ್‌ಬುಕ್ಕಿನ ಮೇಲಿಟ್ಟು ಮನೆಯ ಕಡೆ ನಡೆದರು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿ